ಹಳೆಯದರ ಋಣ

ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳ ಅಡುಗೆಮನೆಗೆ ಇಂಡಕ್ಷನ್ ಒಲೆ ಬಂದು ಕುಳಿತಿದೆ. ಹೊಗೆಯಿಲ್ಲ, ಉರಿಯಿಲ್ಲ, ಗುಂಡಿ ಒತ್ತಿದರೆ ಹಾಲು ಉಕ್ಕುತ್ತದೆ. ಆದರೆ ಈ ಒಲೆಗೆ ಒಂದು ಹಟವುಂಟು. ತಳದಲ್ಲಿ ಕಬ್ಬಿಣದ ಅಂಶವಿರುವ ಪಾತ್ರೆಯನ್ನು ಮಾತ್ರ ಅದು ಕಾಯಿಸುತ್ತದೆ. ಅಜ್ಜಿಯ ಕಾಲದ ಹಿತ್ತಾಳೆಯ ತಪ್ಪಲೆ, ಹುಳಿಗೆ ಹದ ತರುವ ಕಲ್ಚಟ್ಟಿ, ದಿನಬಳಕೆಯ ಅಲ್ಯೂಮಿನಿಯಂ ಪಾತ್ರೆ, ಇವು ಯಾವುವೂ ಅದರ ಲೆಕ್ಕದಲ್ಲಿ ಪಾತ್ರೆಗಳೇ ಅಲ್ಲ. ಅಂಗಡಿಯವರು ಇದಕ್ಕೊಂದು ಉಪಾಯ ಮಾರುತ್ತಾರೆ. ಅದು ಒಲೆಗೂ ತಪ್ಪಲೆಗೂ ನಡುವೆ ಇಡುವ ಒಂದು ಕಬ್ಬಿಣದ ಬಿಲ್ಲೆ. ಒಲೆ ಬಿಲ್ಲೆಯನ್ನು ಕಾಯಿಸುತ್ತದೆ, ಬಿಲ್ಲೆ ತಪ್ಪಲೆಯನ್ನು ಕಾಯಿಸುತ್ತದೆ. ತುಸು ನಿಧಾನ, ತುಸು ನಷ್ಟ. ಆದರೂ ಸಾರು ಕುದಿಯುತ್ತದೆ.

ಕಂಪ್ಯೂಟರಿನ ಲೋಕದಲ್ಲಿಯೂ ಇದೇ ಕಥೆ. ಅಲ್ಲಿನ ಒಲೆಗೆ ಪ್ರೊಸೆಸರ್ ಎಂದು ಹೆಸರು, ಪಾತ್ರೆಗೆ ತಂತ್ರಾಂಶವೆಂದು ಹೆಸರು. ಪ್ರೊಸೆಸರಿಗೆ ತಿಳಿಯುವುದು ಸಣ್ಣಸಣ್ಣ ಆಜ್ಞೆಗಳು ಮಾತ್ರ: ಈ ಎರಡು ಸಂಖ್ಯೆಗಳನ್ನು ಕೂಡು, ಬಂದದ್ದನ್ನು ಅಲ್ಲಿಡು, ಅದು ಸೊನ್ನೆಯಾಗಿದ್ದರೆ ಅತ್ತ ಹೋಗು. ಪ್ರತಿಯೊಂದು ಆಜ್ಞೆಗೂ ಅಂಕೆಗಳಲ್ಲಿ ಒಂದು ಗುರುತು. ಆ ಗುರುತುಗಳು ಒಂದೊಂದು ವಂಶಕ್ಕೆ ಒಂದೊಂದು ಬಗೆ. 1978ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ 8086 ಎಂಬ ಪ್ರೊಸೆಸರಿನಿಂದ ಒಂದು ವಂಶ ಬೆಳೆಯಿತು. ನಮ್ಮ ಕಚೇರಿಗಳ ಕಂಪ್ಯೂಟರುಗಳಲ್ಲಿ ಬಹುಕಾಲದಿಂದ ದುಡಿದದ್ದು ಇದರ ಸಂತತಿಯೆ. 1985ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರ ಕೈಯಲ್ಲಿ ಆರ್ಮ್ ಎಂಬ ಇನ್ನೊಂದು ವಂಶ ಹುಟ್ಟಿತು. ಕಡಮೆ ವಿದ್ಯುತ್ತಿನಲ್ಲಿ ನಡೆಯುವ ಈ ಬಗೆ ಮೊದಲು ನಮ್ಮ ಜೇಬಿನ ಫೋನುಗಳನ್ನು ಗೆದ್ದುಕೊಂಡಿತು. ಈಗ ಮೇಜಿನ ಮೇಲೂ ಏರಿದೆ. 2020ರ ನವೆಂಬರಿನಿಂದ ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳು ಇದಕ್ಕೆ ಹೊರಳಿದವು. ವಿಂಡೋಸ್ ನಡೆಸುವ ಕೆಲವು ಯಂತ್ರಗಳಲ್ಲಿಯೂ ಈಗ ಇದೇ ಬಗೆಯ ಪ್ರೊಸೆಸರ್ ಇದೆ. ಹಳೆಯ ವಂಶಕ್ಕಾಗಿ ಸಿದ್ಧವಾದ ತಂತ್ರಾಂಶ ಈ ಹೊಸ ಯಂತ್ರದ ಕಿವಿಗೆ ಬರಿಯ ಗದ್ದಲ.

ಇದು ಎಂಜಿನಿಯರುಗಳ ಚಿಂತೆ, ಕನ್ನಡ ಪಾಠ ಹೇಳುವವನಿಗೆ ಇದರ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನನ್ನನ್ನು ಕಾಡುವುದು ಯಂತ್ರದ ಪ್ರಶ್ನೆಗಿಂತ ಅದರ ಬೆನ್ನಿಗಿರುವ ನೀತಿಯ ಪ್ರಶ್ನೆ. ಹೊಸದನ್ನು ತಂದವನಿಗೆ ಹಳೆಯದರ ವಿಷಯದಲ್ಲಿ ಏನಾದರೂ ಕರ್ತವ್ಯವುಂಟೆ? ಉಂಟಾದರೆ ಅದು ಯಾರಿಗೆ ಸಲ್ಲತಕ್ಕದ್ದು, ಎಷ್ಟು ಕಾಲ?

ಮೊದಲು ಆ ಕಬ್ಬಿಣದ ಬಿಲ್ಲೆಯ ಕೆಲಸವನ್ನು ನೋಡೋಣ. ಹಳೆಯ ತಂತ್ರಾಂಶ ಹೊಸ ಪ್ರೊಸೆಸರಿನಲ್ಲಿ ನಡೆಯಬೇಕಾದರೆ ದಾರಿಗಳು ಎರಡು. ಅದನ್ನು ಬರೆದವರು ತಮ್ಮಲ್ಲಿರುವ ಮೂಲ ಬರಹವನ್ನು ತೆಗೆದು ಹೊಸ ಯಂತ್ರಕ್ಕಾಗಿ ಮತ್ತೆ ಸಿದ್ಧಪಡಿಸಬಹುದು. ಇದು ಉತ್ತಮ ಮಾರ್ಗ. ಆದರೆ ಬರೆದವರು ಇರಬೇಕು, ಅವರಿಗೆ ಮನಸ್ಸೂ ಇರಬೇಕು. ಇಲ್ಲವಾದರೆ ನಡುವೆ ಒಬ್ಬ ದುಭಾಷಿಯನ್ನು ನಿಲ್ಲಿಸಬೇಕು. ಎಮ್ಯುಲೇಟರ್ ಎಂದು ಕರೆಯುವ ತಂತ್ರಾಂಶ ಈ ದುಭಾಷಿ. ಒಂದೊಂದು ಆಜ್ಞೆಯನ್ನೂ ಕೇಳಿ ಆಗಿಂದಾಗಲೇ ಹೊಸ ಭಾಷೆಯಲ್ಲಿ ಹೇಳುವುದು ಒಂದು ಕ್ರಮ. ಇಡೀ ಗ್ರಂಥವನ್ನು ಮೊದಲೇ ಅನುವಾದಿಸಿಟ್ಟುಕೊಳ್ಳುವುದು ಇನ್ನೊಂದು ಕ್ರಮ. ಇದು ಹೆಚ್ಚು ವೇಗದ್ದು. ಆಪಲ್ ತನ್ನ ದುಭಾಷಿಗೆ ರೊಸೆಟ್ಟಾ ಎಂದು ಹೆಸರಿಟ್ಟಿತು. 1799ರಲ್ಲಿ ಈಜಿಪ್ಟಿನಲ್ಲಿ ಸಿಕ್ಕ, ಒಂದೇ ಶಾಸನವನ್ನು ಮೂರು ಲಿಪಿಗಳಲ್ಲಿ ಹೊತ್ತ ಕಲ್ಲಿನ ಹೆಸರು ಅದು. ಅದರ ನೆರವಿನಿಂದ 1822ರಲ್ಲಿ ಶಾಂಪೋಲಿಯನ್ ಎಂಬ ಫ್ರೆಂಚ್ ವಿದ್ವಾಂಸನು ಚಿತ್ರಲಿಪಿಯ ಬೀಗ ತೆರೆದನು. ರೊಸೆಟ್ಟಾ ಎರಡನೆಯ ಅವತಾರದಲ್ಲಿ ಹಳೆಯ ತಂತ್ರಾಂಶವನ್ನು ಬಹುಮಟ್ಟಿಗೆ ಮೊದಲೇ ಅನುವಾದಿಸಿಡುತ್ತದೆ. ಓಡುತ್ತಿರುವಾಗ ಹೊಸದಾಗಿ ಹುಟ್ಟುವ ಆಜ್ಞೆಗಳನ್ನು ಆ ಕ್ಷಣದಲ್ಲಿಯೇ ತರ್ಜುಮೆ ಮಾಡುತ್ತದೆ.

ಸಾಹಿತ್ಯದ ಅನುವಾದಕ್ಕೂ ಇದಕ್ಕೂ ಒಂದು ಅಂತರವುಂಟು. ಷೇಕ್ಸ್‌ಪಿಯರನನ್ನು ಕನ್ನಡಕ್ಕೆ ತಂದವರು ಒಂದು ಮಾತನ್ನು ಬಿಟ್ಟರೆ, ಒಂದನ್ನು ಬೆಳೆಸಿದರೆ ನಾವು ಅದನ್ನು ಸ್ವಾತಂತ್ರ್ಯವೆಂದು ಮೆಚ್ಚುವುದೂ ಉಂಟು. ಯಂತ್ರದ ದುಭಾಷಿಗೆ ಅಂಥ ಸ್ವಾತಂತ್ರ್ಯವಿಲ್ಲ. ಒಂದಂಕೆ ತಪ್ಪಿದರೆ ಲೆಕ್ಕವೆಲ್ಲ ಕೆಟ್ಟಿತು. ಅಷ್ಟೇ ಅಲ್ಲ, ಇಲ್ಲಿ ಆತಿಥೇಯನೂ ತನ್ನ ನಡೆಯನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಇಂಟೆಲ್ ವಂಶದ ಪ್ರೊಸೆಸರು ಸ್ಮೃತಿಕೋಶಗಳಲ್ಲಿ ಒಂದರ ಹಿಂದೊಂದು ಬರೆದದ್ದು ಯಂತ್ರದ ಇತರ ಭಾಗಗಳಿಗೂ ಅದೇ ಕ್ರಮದಲ್ಲಿ ಕಾಣಬೇಕೆಂಬ ಕಟ್ಟುಪಾಡನ್ನು ಇಟ್ಟುಕೊಂಡಿದೆ. ಆರ್ಮ್ ವಂಶ ಈ ವಿಷಯದಲ್ಲಿ ಸಡಿಲು. ಆದ್ದರಿಂದ ಆಪಲ್ ತನ್ನ ಪ್ರೊಸೆಸರಿನೊಳಗೇ ಒಂದು ಏರ್ಪಾಟು ಮಾಡಿತು: ಅನುವಾದಿತ ತಂತ್ರಾಂಶ ಓಡುವಾಗ ಹಳೆಯ ಕಟ್ಟುಪಾಡನ್ನು ಪಾಲಿಸುವುದು, ಮಿಕ್ಕ ಹೊತ್ತಿನಲ್ಲಿ ತನ್ನ ರೀತಿಯಲ್ಲಿರುವುದು. ಮಡಿವಂತ ಅತಿಥಿ ಮನೆಗೆ ಬಂದ ದಿನ ನಾವೂ ಮಡಿಯುಟ್ಟು ಬಡಿಸುವುದಿಲ್ಲವೆ? ಹಾಗೆ.

ಒಂದು ಯಂತ್ರ ಇನ್ನೊಂದರ ಸೋಗು ಹಾಕಬಲ್ಲದೆಂಬುದು ಇಂದು ನಿನ್ನೆಯ ತಿಳಿವಲ್ಲ. 1936ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ಇದನ್ನು ತರ್ಕದಿಂದ ತೋರಿಸಿದ್ದನು. ಯಾವ ಗಣಕ ಯಂತ್ರದ ವರ್ಣನೆಯನ್ನು ಕೊಟ್ಟರೂ ಅದರ ಕೆಲಸವನ್ನು ಮಾಡಬಲ್ಲ ಒಂದು ಸಾರ್ವತ್ರಿಕ ಯಂತ್ರ ಸಾಧ್ಯವೆಂದು ಅವನ ಸಿದ್ಧಾಂತ. ನಮ್ಮ ಕಥೆಗಳ ಮಾತಿನಲ್ಲಿ ಇದನ್ನು ಪರಕಾಯ ಪ್ರವೇಶವೆನ್ನಬಹುದು. ಆದರೆ ಹಾಗೆ ಹೊಕ್ಕದ್ದು ಹಳೆಯದೇ ಹೌದೆ? ಇಲ್ಲೊಂದು ವಿನೋದವಿದೆ. 1980ರ ದಶಕದ ಎಷ್ಟೋ ಆಟಗಳು ಯಂತ್ರದ ವೇಗವನ್ನೇ ಗಡಿಯಾರವೆಂದು ನಂಬಿ ಬರೆದಂಥವು. ವೇಗದ ಯಂತ್ರ ಬಂದಾಗ ಆಟದ ಬೊಂಬೆಗಳು ಕಣ್ಣಿಗೆ ಕಾಣದಷ್ಟು ಬಿರುಸಾಗಿ ಓಡಿದವು. ಆ ಕಾಲದ ಕಂಪ್ಯೂಟರುಗಳ ಮುಂಭಾಗದಲ್ಲಿ ಟರ್ಬೊ ಎಂಬ ಗುಂಡಿಯಿರುತ್ತಿದ್ದುದನ್ನು ಕೆಲವರಾದರೂ ಕಂಡಿರಬಹುದು. ಹೆಸರು ವೇಗದ್ದಾದರೂ ಅದರ ನಿಜವಾದ ಉಪಯೋಗ ಯಂತ್ರವನ್ನು ನಿಧಾನ ಮಾಡುವುದೇ ಆಗಿತ್ತು. ಇಂದು ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಆ ಹಳೆಯ ಯಂತ್ರವನ್ನು ಅಣಕಿಸುವಾಗ ಅದರ ಮಂದಗತಿಯನ್ನೂ ಅಣಕಿಸಬೇಕಾಗುತ್ತದೆ. ಹಳೆಯದನ್ನು ಉಳಿಸಬೇಕೆನ್ನುವವನು ಅದರ ಗುಣದೊಡನೆ ಕುಂದನ್ನೂ ಹೊರಬೇಕು. ಹಿರಿಯರೊಡನೆ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನೀತಿಯ ಪ್ರಶ್ನೆಗೆ ಬರೋಣ. ಹೊಸದರ ಪಕ್ಷಪಾತಿಗಳ ವಾದವನ್ನು ಮೊದಲು ಕೇಳಬೇಕು, ಏಕೆಂದರೆ ಅದು ಹಗುರವಾದ ವಾದವಲ್ಲ. ಹಳೆಯದನ್ನು ಹೊರುವುದಕ್ಕೆ ವೆಚ್ಚ ತಗಲುತ್ತದೆ. ಅದಕ್ಕಾಗಿ ದುಡಿಯುವ ಜಾಣರು ಹೊಸ ಕೆಲಸಕ್ಕೆ ಸಿಕ್ಕುವುದಿಲ್ಲ. ಯಾರೂ ತಿದ್ದದೆ ಬಿಟ್ಟ ಹಳೆಯ ತಂತ್ರಾಂಶದ ಬಿರುಕುಗಳಲ್ಲಿ ಕಳ್ಳರು ನುಗ್ಗುತ್ತಾರೆ. ಮೇಲಾಗಿ ಬಿಡದೆ ಹೊತ್ತುಕೊಂಡವನ ಬೆನ್ನು ಬಾಗುತ್ತದೆ. ಇಂಟೆಲ್ ವಂಶವನ್ನೇ ನೋಡಿ. ಈ ವಂಶದ ಪ್ರೊಸೆಸರಿಗೆ ವಿದ್ಯುತ್ತು ಕೊಟ್ಟು ಎಬ್ಬಿಸಿದಾಗ ಮೊದಲ ಗಳಿಗೆಯಲ್ಲಿ ಅದು 1978ರ 8086ರ ರೀತಿಯಲ್ಲಿಯೇ ಕಣ್ಣು ಬಿಡುತ್ತದೆ. ಪ್ರವರ ಹೇಳಿಕೊಂಡ ಮೇಲೆ ತನ್ನ ಕಾಲಕ್ಕೆ ಬರುತ್ತದೆ. ಈ ಆಚಾರವನ್ನು ಕೈಬಿಡೋಣವೆಂದು ಇಂಟೆಲ್ 2023ರಲ್ಲಿ ಒಂದು ಸಲಹೆಯನ್ನು ಮುಂದಿಟ್ಟಿತು. 2024ರ ಕೊನೆಯ ಹೊತ್ತಿಗೆ ಆ ಸಲಹೆಯನ್ನೇ ಕೈಬಿಟ್ಟಿತು. ಮಕ್ಕಳು ತಂದೆತಾಯಿಗಳ ಮನೆಯನ್ನು ಎಂದಿಗೂ ಕೆಡವಬಾರದೆಂದರೆ ಊರು ಬೆಳೆಯುವುದೆಂತು ಎಂಬ ಪ್ರಶ್ನೆ ನ್ಯಾಯವಾದದ್ದೆ.

ಆದರೆ ಹಳೆಯದನ್ನು ಕಡೆಗಣಿಸಿದ ಹೊಸದರ ಗತಿಯೇನಾಯಿತೆಂಬುದಕ್ಕೂ ಚರಿತ್ರೆಯಲ್ಲಿ ನಿದರ್ಶನವುಂಟು. 2001ರಲ್ಲಿ ಇಂಟೆಲ್, ಎಚ್‌ಪಿ ಸಂಸ್ಥೆಯೊಡಗೂಡಿ ರೂಪಿಸಿದ ಇಟಾನಿಯಂ ಎಂಬ ಪ್ರೊಸೆಸರನ್ನು ಹೊರತಂದಿತು. ಹೊಸ ಆಲೋಚನೆ, ಹೊಸ ಆಜ್ಞಾಭಾಷೆ. ಹಳೆಯ ತಂತ್ರಾಂಶ ಅದರಲ್ಲಿ ಓಡುತ್ತಿತ್ತು, ಆದರೆ ಕುಂಟುತ್ತ. 2003ರಲ್ಲಿ ಪ್ರತಿಸ್ಪರ್ಧಿಯಾದ ಎಎಂಡಿ ಹಳೆಯ ಭಾಷೆಯನ್ನೇ ಹಿಗ್ಗಿಸಿ ಆಪ್ಟೆರಾನ್ ಎಂಬ ಪ್ರೊಸೆಸರನ್ನು ಮಾಡಿತು. ಅದರಲ್ಲಿ ಹಳೆಯದೂ ಪೂರ್ಣ ವೇಗದಲ್ಲಿ ನಡೆಯಿತು, ಹೊಸದಕ್ಕೂ ಎಡೆಯಾಯಿತು. ಮರುವರ್ಷವೇ ಇಂಟೆಲ್ ಕೂಡ ಆ ದಾರಿಯನ್ನು ಹಿಡಿಯಿತು. ಇಟಾನಿಯಂ ಮಾತ್ರ ಮೂಲೆಗೆ ಸರಿದು, 2021ರಲ್ಲಿ ಅದರ ಸರಬರಾಜೂ ನಿಂತಿತು.

ಇದನ್ನು ನೀತಿಯ ಗೆಲುವೆಂದು ಕರೆಯಲು ನನಗೆ ಧೈರ್ಯವಿಲ್ಲ. ಅದು ವ್ಯಾಪಾರದ ಗೆಲುವು. ಮೊದಲಿನಿಂದಲೂ ಹೀಗೆಯೇ ನಡೆದಿದೆ. 1963ರ ಡಿಸೆಂಬರಿನಲ್ಲಿ ಹನಿವೆಲ್ ಸಂಸ್ಥೆ ಒಂದು ಹೊಸ ಗಣಕವನ್ನು ಸಾರಿತು. ಐಬಿಎಂ ಸಂಸ್ಥೆಯ 1401 ಎಂಬ ಗಣಕಕ್ಕಾಗಿ ಬರೆದ ಕೆಲಸವನ್ನೆಲ್ಲ ತನ್ನದಕ್ಕೆ ಸಾಗಿಸಿಕೊಡುವ ಏರ್ಪಾಟೂ ಅದರಲ್ಲಿತ್ತು. ಅದಕ್ಕೆ ಇಟ್ಟ ಹೆಸರು ಲಿಬರೇಟರ್, ಅಂದರೆ ವಿಮೋಚಕ. 1964ರ ಏಪ್ರಿಲ್ 7ರಂದು ಐಬಿಎಂ ತನ್ನ ಸಿಸ್ಟಂ 360 ಎಂಬ ಸಾಲನ್ನು ಪ್ರಕಟಿಸಿದಾಗ, ಅದರ ಚಿಕ್ಕ ಯಂತ್ರಗಳು 1401ರ ಸೋಗು ಹಾಕಬಲ್ಲವೆಂಬುದು ಗಿರಾಕಿಗಳನ್ನು ಹಿಡಿದಿಟ್ಟ ಅಂಶಗಳಲ್ಲಿ ಒಂದಾಯಿತು. ಗಿರಾಕಿ ಓಡಿಹೋಗದಿರಲೆಂದು ಕಟ್ಟಿದ ಸೇತುವೆ ಅದು.

ವ್ಯಾಪಾರಿಯ ಸೇತುವೆಗೆ ವ್ಯಾಪಾರಿಯ ಆಯುಷ್ಯ. ಮೊದಲನೆಯ ರೊಸೆಟ್ಟಾ 2006ರಲ್ಲಿ ಬಂದು, 2011ರ ಜುಲೈಯಲ್ಲಿ ಹೊರಟ ಮ್ಯಾಕ್ ಓಎಸ್ ಆವೃತ್ತಿಯಲ್ಲಿ ಇಲ್ಲವಾಯಿತು. ಎರಡನೆಯದರ ಅವಧಿಯನ್ನೂ 2025ರ ಜೂನಿನಲ್ಲಿ ಆಪಲ್ ಸಾರಿತು: ಮ್ಯಾಕ್ ಓಎಸ್ 27ರವರೆಗೆ ಅದು ಪೂರ್ಣವಾಗಿ ಇರತಕ್ಕದ್ದು, ಆಮೇಲೆ ಕೆಲವು ಹಳೆಯ ಆಟಗಳಿಗೆ ಬೇಕಾದಷ್ಟು ಭಾಗ ಮಾತ್ರ. ಇನ್ನೊಂದು ಕಡೆ, 1964ರ ಸಿಸ್ಟಂ 360ಕ್ಕಾಗಿ ಬರೆದ ಲೆಕ್ಕದ ಕ್ರಮವಿಧಿಗಳು ಆ ವಂಶದ ಇಂದಿನ ಐಬಿಎಂ ಯಂತ್ರಗಳಲ್ಲಿಯೂ ನಡೆಯುವಂತೆ ಅರವತ್ತು ವರ್ಷಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಈ ತಾರತಮ್ಯ ಏಕೆ? ಅಲ್ಲಿನ ಗಿರಾಕಿಗಳು ಬ್ಯಾಂಕುಗಳು, ವಿಮಾ ಸಂಸ್ಥೆಗಳು. ಹಳೆಯದನ್ನು ಉಳಿಸಿಕೊಡಿ ಎಂದು ಹಣ ಸುರಿಯಬಲ್ಲವರು. ಸಿರಿವಂತನ ಹಳೆಯದಕ್ಕೆ ಪರಂಪರೆಯೆಂದು ಹೆಸರು, ಬಡವನ ಹಳೆಯದಕ್ಕೆ ಗುಜರಿಯೆಂದು ಹೆಸರು.

ಈ ಬಡವ ಯಾರೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನನಗೆ ಪರಿಚಯವಿರುವ ಮುದ್ರಣಾಲಯದ ಯಜಮಾನರೊಬ್ಬರು ಒಂದು ಮೂಲೆಯಲ್ಲಿ ಬಣ್ಣಗೆಟ್ಟ ಕಂಪ್ಯೂಟರೊಂದನ್ನು ಮಗುವಿನಂತೆ ಕಾಪಾಡಿಕೊಂಡಿದ್ದಾರೆ. ತೊಂಬತ್ತರ ದಶಕದಲ್ಲಿ ಅವರು ಸಾಲ ಮಾಡಿ ಕೊಂಡ ಕನ್ನಡ ಅಕ್ಷರ ಜೋಡಣೆಯ ತಂತ್ರಾಂಶ ಅದರಲ್ಲಿದೆ. ಕಳ್ಳಪ್ರತಿ ಆಗಬಾರದೆಂದು ತಯಾರಕರು ಅದಕ್ಕೊಂದು ಡಾಂಗಲ್ ಕೊಟ್ಟಿದ್ದರು. ಯಂತ್ರದ ಹಿಂಬದಿಯಲ್ಲಿ ಮುದ್ರಕ ಜೋಡಿಸುವ ಕಡೆ ಸಿಕ್ಕಿಸಬೇಕಾದ ಬೆರಳುದ್ದದ ಡಬ್ಬಿ. ಅದಿಲ್ಲದಿದ್ದರೆ ತಂತ್ರಾಂಶ ಬಾಯಿ ಬಿಡುವುದಿಲ್ಲ. ಹೊಸ ಯಂತ್ರಗಳಲ್ಲಿ ಅದನ್ನು ಸಿಕ್ಕಿಸುವ ಜಾಗವೇ ಇಲ್ಲ. ದುಭಾಷಿಯ ಸಾಮರ್ಥ್ಯವೂ ಇಲ್ಲಿ ಮುಗಿಯುತ್ತದೆ. ಆರ್ಮ್ ಯಂತ್ರದ ವಿಂಡೋಸ್ ಹಳೆಯ ತಂತ್ರಾಂಶವನ್ನು ಅನುವಾದಿಸಿ ಓಡಿಸೀತು. ಆದರೆ ಇಂಥ ಉಪಕರಣಗಳೊಡನೆ ಮಾತಾಡುವ ಡ್ರೈವರ್ ಎಂಬ ಭಾಗವನ್ನು ಅದು ಅನುವಾದಿಸುವುದಿಲ್ಲ. ಡ್ರೈವರ್ ಹೊಸ ಭಾಷೆಯಲ್ಲಿಯೇ ಬರೆದದ್ದಾಗಿರಬೇಕು. ಬರೆದುಕೊಡಬೇಕಾದ ಸಂಸ್ಥೆ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. “ಮೇಷ್ಟ್ರೇ, ಒಳಗಿರೋ ಪುಸ್ತಕ ನಮ್ಮದು, ಹೊರಗಿರೋ ಬೀಗ ಅವರದು. ಈಗ ಅವರೇ ಇಲ್ಲ” ಎಂದರು ಅವರು. ಒಳಗಿರುವುದು ಸಣ್ಣ ಊರುಗಳ ಲೇಖಕರ ಸ್ಥಳಚರಿತ್ರೆಗಳು, ಜಾತ್ರೆಯ ಹಾಡುಗಳ ಸಂಗ್ರಹಗಳು, ಎರಡನೆಯ ಮುದ್ರಣ ಕಾಣದ ಕವನಸಂಕಲನಗಳು.

ಅಚ್ಚಾದ ಪ್ರತಿಗಳು ಎಲ್ಲಿಯೋ ಇರಬಹುದಲ್ಲ, ಕಡತಗಳನ್ನಾದರೂ ನಕಲು ಮಾಡಿಕೊಳ್ಳಬಹುದಲ್ಲ ಎನ್ನಬಹುದು. ನಕಲು ಸುಲಭ, ಓದುವುದು ಕಷ್ಟ. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ನಮ್ಮ ಕಾಗುಣಿತದ ತುಣುಕುಗಳನ್ನು ತುಂಬಿಟ್ಟಿದ್ದವು. ಆ ಫಾಂಟಿಲ್ಲದೆ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತಾದರೂ ನಮ್ಮ ಅಚ್ಚಿನ ಮನೆಗಳು ಅಲ್ಲಿಗೆ ಹೋಗಲು ಬಹುಕಾಲ ಹಿಡಿಯಿತು. ಬಳಕೆಯಲ್ಲಿದ್ದ ಪ್ರಸಿದ್ಧ ಫಾಂಟುಗಳಿಗೆ ಪರಿವರ್ತಕಗಳುಂಟು. ಹೆಸರಿಲ್ಲದವಕ್ಕೆ ಯಾರು ಮಾಡುತ್ತಾರೆ?

ಇಷ್ಟನ್ನು ನೋಡಿದ ಮೇಲೆ ಋಣ ಯಾರಿಗೆ ಎಂಬುದು ನನಗೆ ಸ್ವಲ್ಪ ಸ್ಪಷ್ಟವಾಗುತ್ತದೆ. ಅದು ಹಳೆಯ ತಂತ್ರಾಂಶಕ್ಕೆ ಸಲ್ಲುವ ಋಣವಲ್ಲ. ತಂತ್ರಾಂಶ ಒಂದು ಉಪಕರಣ. ಸವೆದ ಕೊಡಲಿಗೆ ನಾವು ತರ್ಪಣ ಬಿಡುವುದಿಲ್ಲ. ಆದರೆ ಕೊಡಲಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಕೊಡಲಿ ಮುರಿದರೆ ಸೀಳಿದ ಸೌದೆ ನಮ್ಮಲ್ಲಿ ಉಳಿಯುತ್ತದೆ. ಇಲ್ಲಿ ಉಪಕರಣ ನಿಂತರೆ ಅದರಿಂದ ಮಾಡಿದ ಕೆಲಸವೂ ಮುಚ್ಚಿಹೋಗುತ್ತದೆ, ಕೈಗೆ ಹತ್ತಿದ ಕುಶಲತೆಯೂ ಬೀದಿಪಾಲಾಗುತ್ತದೆ. ಮಾರುವವನು ಗಿರಾಕಿಗೆ ಹೇಳಿದ್ದು, ನಿನ್ನ ದುಡಿಮೆಯನ್ನು ಇದರಲ್ಲಿಡು ಎಂದು. ಇಟ್ಟವನು ನಂಬಿ ಇಟ್ಟನು. ನ್ಯಾಸವಾಗಿ ಇಟ್ಟುಕೊಂಡ ವಸ್ತುವನ್ನು ಹಿಂದಿರುಗಿಸಬೇಕೆಂಬುದು ನಮ್ಮ ಧರ್ಮಶಾಸ್ತ್ರಕಾರರೂ ಒಪ್ಪಿದ ಮಾತು. ಸಲ್ಲತಕ್ಕ ಋಣ ಇಷ್ಟೆ: ಇಟ್ಟವನ ದುಡಿಮೆ ಅವನಿಗೆ ಮರಳಿ ದೊರೆಯಬೇಕು.

ನಮ್ಮ ಸಾಹಿತ್ಯಚರಿತ್ರೆಯಲ್ಲಿ ಇದಕ್ಕೆ ಒಂದು ಪಾಠವಿದೆ. ತಾಳೆಗರಿ ಶಾಶ್ವತವಲ್ಲ, ಹುಳು, ತೇವ, ಬೆಂಕಿ ಅದನ್ನು ತಿನ್ನುತ್ತವೆ. ಮತ್ತೆ ಮತ್ತೆ ಹೊಸ ಗರಿಗೆ ಇಳಿಸಿದ ಕೃತಿಗಳು ಬದುಕಿದವು. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳಂಥವು ಮುಂದಿನವರು ಎತ್ತಿಕೊಂಡ ಬಿಡಿ ಪದ್ಯಗಳಲ್ಲಿ ಮಾತ್ರ ಉಳಿದು, ಗ್ರಂಥಗಳು ಇಲ್ಲವಾದವು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ತರಗತಿಯಲ್ಲಿ ಅವಳ ದಾನಗುಣಕ್ಕೆ ನಿದರ್ಶನವಾಗಿ ಹೇಳುತ್ತೇವೆ. ಅದರಲ್ಲಿ ದೂರದೃಷ್ಟಿಯೂ ಇದೆ. ಗರಿಗಳು ಇನ್ನೂ ಗಟ್ಟಿಯಾಗಿದ್ದಾಗ, ಓದುವವರು ಇನ್ನೂ ಇದ್ದಾಗಲೇ ಆಕೆ ಆ ಕೆಲಸ ಮಾಡಿಸಿದಳು. ಇನ್ನೂ ಒಂದು ಮಾತು: ಆಕೆಯ ಲಿಪಿಕಾರರು ಯಾರ ಬೀಗವನ್ನೂ ಒಡೆಯಬೇಕಾಗಿರಲಿಲ್ಲ.

ಆದ್ದರಿಂದ ಹೊಸದನ್ನು ತರುವವರಿಂದ ನಾನು ಬಯಸುವುದು ಅಸಾಧ್ಯವಾದದ್ದೇನಲ್ಲ. ಹಳೆಯದನ್ನು ಎಂದೆಂದಿಗೂ ಹೊರಿ ಎಂದು ಕೇಳುವುದು ಅನ್ಯಾಯ. ಸೇತುವೆ ಎಷ್ಟು ಕಾಲ ನಿಲ್ಲುತ್ತದೆಂಬುದನ್ನು ಮಾರುವ ದಿನವೇ ಹೇಳಲಿ. ನಮ್ಮ ಬರಹವನ್ನು ಎಲ್ಲರೂ ಓದಬಲ್ಲ ರೂಪದಲ್ಲಿ ಹೊರತೆಗೆಯುವ ಬಾಗಿಲನ್ನು ಮೊದಲಿನಿಂದಲೂ ತೆರೆದಿಡಲಿ. ಅಂಗಡಿ ಮುಚ್ಚುವಾಗ ಬೀಗವನ್ನು ಕಳಚಿ, ಸಾಧ್ಯವಾದರೆ ಮೂಲ ಬರಹವನ್ನೂ ಕೊಟ್ಟುಹೋಗಲಿ. ಮುಂದಿನ ಭಾರವನ್ನು ಹೊರುವವರು ಇದ್ದೇ ಇದ್ದಾರೆ. 2003ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಆರಂಭಿಸಿದ ಕ್ಯೂಎಮು ಎಂಬ ತಂತ್ರಾಂಶ ಹಲವು ವಂಶಗಳ ಪ್ರೊಸೆಸರುಗಳ ಸೋಗು ಹಾಕಬಲ್ಲದು. ಅದು ಎಲ್ಲರಿಗೂ ಮುಕ್ತ, ಲೋಕದ ನಾನಾ ಕಡೆಯ ಕುಶಲಿಗಳು ಅದನ್ನು ತಿದ್ದಿ ಬೆಳೆಸುತ್ತಿದ್ದಾರೆ. ಇವರನ್ನು ನಮ್ಮ ಕಾಲದ ಲಿಪಿಕಾರರೆಂದರೆ ತಪ್ಪಾಗಲಾರದು.

ಬಳಸುವವರಿಗೂ ಕರ್ತವ್ಯವುಂಟು. ದುಭಾಷಿ ಇದ್ದಾನೆಂದು ಭಾಷೆ ಕಲಿಯದೆ ಕಾಲ ಕಳೆಯುವವನಂತೆ, ಸೇತುವೆ ಇದೆಯೆಂದು ಈಚೆ ದಡದಲ್ಲಿಯೇ ಕುಳಿತಿರುವುದು ಸೋಮಾರಿತನ. ಅವಕಾಶವಿರುವಾಗಲೇ ದಾಟಬೇಕು, ದಾಟಲು ಕೈಲಾಗದವರನ್ನು ದಾಟಿಸಬೇಕು. ತಾಳೆಗರಿಗಳನ್ನು ಅರಸುತ್ತ ಊರೂರು ಅಲೆದು ತಂದ ವಿದ್ವಾಂಸರ ಹೆಸರುಗಳನ್ನು ನಾವು ಗೌರವದಿಂದ ನೆನೆಯುತ್ತೇವೆ. ನಮ್ಮ ಕಾಲೇಜುಗಳೂ ಗ್ರಂಥಾಲಯಗಳೂ ತಮ್ಮ ಊರಿನ ಮುದ್ರಣಾಲಯಗಳ ಹಳೆಯ ಕಂಪ್ಯೂಟರುಗಳನ್ನು ಗುಜರಿಯವನಿಗಿಂತ ಒಂದು ದಿನ ಮೊದಲು ಹೋಗಿ ನೋಡಿದರೆ ಸಾಕು, ಎಷ್ಟೋ ಉಳಿದೀತು. ಅದಕ್ಕೆ ಬೇಕಾದದ್ದು ಓಡುವ ಸ್ಥಿತಿಯಲ್ಲಿರುವ ಒಂದು ಹಳೆಯ ಯಂತ್ರ, ಅದನ್ನು ಬಲ್ಲ ಒಬ್ಬ ಮನುಷ್ಯ, ಕೆಲವು ತಿಂಗಳ ಬಿಡುವು. ಯಂತ್ರ ಗುಜರಿಗೆ ಹೋಗುವ ಮುನ್ನ, ಆ ಮನುಷ್ಯನ ಕಣ್ಣು ಮಂಜಾಗುವ ಮುನ್ನ ಇದನ್ನು ಮಾಡಬೇಕಷ್ಟೆ.